ಹೊಲವೇ ಸಾಕ್ಷಿ: ‘ಸ್ವೀಟ್ ಲ್ಯಾಂಡ್’ ಚಿತ್ರದಲ್ಲಿ ವಲಸೆ ಮತ್ತು ವಿವಾಹ

ಅಲಿ ಸೆಲಿಮ್ ನಿರ್ದೇಶಿಸಿದ ‘ಸ್ವೀಟ್ ಲ್ಯಾಂಡ್’ (2005) ಎಂಬ ಚಿತ್ರವು ದೊಡ್ಡ ಸ್ಟುಡಿಯೋಗಳ ಆಶ್ರಯವಿಲ್ಲದೆ, ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಮಾಂಟೆವಿಡಿಯೋ ಪಟ್ಟಣದ ಸುತ್ತಣ ಹೊಲಗಳಲ್ಲಿ ಅಲ್ಪ ವೆಚ್ಚದಿಂದ ತಯಾರಾದದ್ದು. ಸ್ವತಂತ್ರ ಚಿತ್ರಗಳಿಗೆ ಮೀಸಲಾದ ಸ್ಪಿರಿಟ್ ಪ್ರಶಸ್ತಿಗಳಲ್ಲಿ 2007ರಲ್ಲಿ ಅದಕ್ಕೆ ಶ್ರೇಷ್ಠ ಪ್ರಥಮ ಚಿತ್ರವೆಂಬ ಗೌರವವೂ ಲಭಿಸಿತು. ವಿಲ್ ವೀವರನ ‘ಎ ಗ್ರೇವ್‌ಸ್ಟೋನ್ ಮೇಡ್ ಆಫ್ ವೀಟ್’ ಎಂಬ ಸಣ್ಣಕಥೆ ಅದಕ್ಕೆ ಆಧಾರ. 1920ರಲ್ಲಿ ಇಂಗೆ ಆಲ್ಟೆನ್‌ಬರ್ಗ್ ಎಂಬ ತರುಣಿಯು ಓಲಾಫ್ ಟೋರ್ವಿಕ್ ಎಂಬ ನಾರ್ವೇಜಿಯನ್ ರೈತನನ್ನು ಮದುವೆಯಾಗಲೆಂದು, ಮುಖಪರಿಚಯವೂ ಇಲ್ಲದೆ, ಕಡಲು ದಾಟಿ ಬರುತ್ತಾಳೆ. ಆಕೆ ನಾರ್ವೆಯವಳಲ್ಲ, ಜರ್ಮನಿಯವಳು ಎಂಬ ಸಂಗತಿ ಬಯಲಾದೊಡನೆ ಪಾದ್ರಿಯು ಮದುವೆ ಮಾಡಿಸಲೊಲ್ಲೆನೆನ್ನುತ್ತಾನೆ, ಸರ್ಕಾರದ ಗುಮಾಸ್ತನೂ ಕಾಗದಪತ್ರಗಳು ಸರಿಯಿಲ್ಲವೆಂದು ಹಿಂದಿರುಗಿಸುತ್ತಾನೆ. ಇದನ್ನು ಮೃದುವಾದ ಪ್ರೇಮಕಥೆಯೆಂದು ಮೆಚ್ಚುವುದು ಸುಲಭ. ನನ್ನ ಮತದಲ್ಲಾದರೋ, ಒಂದು ದಾಂಪತ್ಯವು ಯಾರ ಅಂಗೀಕಾರದಿಂದ ದಾಂಪತ್ಯವೆನಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯೇ ಈ ಚಿತ್ರದ ಜೀವಾಳ.

ಪಾದ್ರಿಯ ಮತ್ತು ಗುಮಾಸ್ತನ ನಡತೆಯನ್ನು ಕೇವಲ ಹಳ್ಳಿಗರ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ರಾಜ್ಯಶಾಸನದ ಬಲವಿದ್ದಿತು. ಜರ್ಮನಿಯೊಡನೆ ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1917ರ ಏಪ್ರಿಲಿನಲ್ಲಿ ಮಿನ್ನೆಸೋಟದ ಶಾಸನಸಭೆಯು ಸ್ಥಾಪಿಸಿದ ಸಾರ್ವಜನಿಕ ಸುರಕ್ಷತಾ ಆಯೋಗವು ಮರುವರ್ಷ ಪರದೇಶೀಯರೆಲ್ಲರೂ ತಮ್ಮ ಹೆಸರನ್ನೂ ಆಸ್ತಿಯನ್ನೂ ದಾಖಲಿಸಬೇಕೆಂದು ವಿಧಿಸಿತು. ಜರ್ಮನರೇ ಹೆಚ್ಚಾಗಿದ್ದ ನ್ಯೂ ಉಲ್ಮ್ ಪಟ್ಟಣದ ಮೇಯರನು ಸೈನ್ಯಕ್ಕೆ ಬಲವಂತದ ಭರ್ತಿಯನ್ನು ಪ್ರಶ್ನಿಸಿದ ಸಭೆಯಲ್ಲಿ ಭಾಗವಹಿಸಿದ ಕಾರಣಕ್ಕೆ ಅಧಿಕಾರವನ್ನು ಕಳೆದುಕೊಂಡನು. ನೆರೆಯ ಅಯೋವಾದಲ್ಲಿ ರಾಜ್ಯಪಾಲನು 1918ರ ಮೇ ತಿಂಗಳಲ್ಲಿ, ಶಾಲೆ, ದೇವಾಲಯ, ರೈಲುಗಾಡಿ, ಕಡೆಗೆ ಟೆಲಿಫೋನಿನಲ್ಲಿಯೂ ಇಂಗ್ಲಿಷನ್ನುಳಿದು ಬೇರೆ ಭಾಷೆ ಕೂಡದೆಂದು ಘೋಷಿಸಿದನು. ಇನ್ನೊಂದು ಸಂಗತಿ ಇನ್ನೂ ವಿಚಾರಾರ್ಹವಾದುದು. ವರ್ಸೇಲ್ಸ್ ಒಪ್ಪಂದವನ್ನು ಅಮೆರಿಕದ ಸೆನೆಟ್ ಸಭೆಯು 1919ರ ನವೆಂಬರಿನಲ್ಲಿಯೂ 1920ರ ಮಾರ್ಚಿನಲ್ಲಿಯೂ ತಿರಸ್ಕರಿಸಿದುದರಿಂದ, ಜರ್ಮನಿಯೊಡನೆ ಯುದ್ಧವು ಕಾನೂನಿನ ದೃಷ್ಟಿಯಲ್ಲಿ ಮುಗಿದದ್ದು 1921ರ ಜುಲೈ 2ರಂದು. ಎಂದಮೇಲೆ ಇಂಗೆಯು ರೈಲಿನಿಂದಿಳಿದಾಗ ಆಕೆ ಕಾನೂನಿನ ಪ್ರಕಾರ ಶತ್ರುದೇಶದ ಪ್ರಜೆಯೇ ಆಗಿದ್ದಳು. ಅದಲ್ಲದೆ 1922ರ ಕೇಬಲ್ ಶಾಸನಕ್ಕೆ ಮುಂಚೆ, ಅಮೆರಿಕದ ಪೌರನನ್ನು ವರಿಸಿದ ಪರದೇಶದ ಹೆಂಗಸು ಆ ವಿವಾಹದಿಂದಲೇ ಸಾಮಾನ್ಯವಾಗಿ ಪೌರಳಾಗುತ್ತಿದ್ದಳು; ಪರದೇಶದವನನ್ನು ವರಿಸಿದ ಅಮೆರಿಕದ ಹೆಂಗಸು, 1907ರ ಶಾಸನದ ಪ್ರಕಾರ, ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಮದುವೆಯ ಪತ್ರಕ್ಕೆ ರುಜು ಹಾಕುವ ಗುಮಾಸ್ತನು, ತಿಳಿದೋ ತಿಳಿಯದೆಯೋ, ರಾಷ್ಟ್ರದ ಬಾಗಿಲನ್ನು ಕಾಯುವವನೂ ಆಗಿದ್ದನು.

ಇಷ್ಟೆಲ್ಲವನ್ನೂ ಚಿತ್ರವು ವಾಚ್ಯವಾಗಿ ಹೇಳುವುದಿಲ್ಲ. ಹೇಳದಿರುವುದೇ ಅದರ ಶಕ್ತಿ. ಇಂಗೆಯ ಜರ್ಮನ್ ಮಾತುಗಳಿಗೆ ಬಹುಮಟ್ಟಿಗೆ ಉಪಶೀರ್ಷಿಕೆಗಳನ್ನು ಒದಗಿಸದೆ ಬಿಟ್ಟಿರುವುದರಿಂದ ಪ್ರೇಕ್ಷಕನು ಆ ಊರವರ ನಡುವೆಯೇ, ಅವರಷ್ಟೇ ಅಜ್ಞನಾಗಿ, ಕುಳಿತುಕೊಳ್ಳಬೇಕಾಗುತ್ತದೆ. ಆದರೆ ಇಂಗೆಯಾಗಿ ಅಭಿನಯಿಸಿದ ಎಲಿಜಬೆತ್ ರೀಸರಳ ಮುಖವು ಆಡುವ ಮಾತು ಅವನಿಗೆ ತಿಳಿದೇ ತಿಳಿಯುತ್ತದೆ, ಊರವರಿಗೆ ಏಕೆ ತಿಳಿಯಲಿಲ್ಲವೆಂಬ ಪ್ರಶ್ನೆಯೂ ಆಗಲೇ ಹುಟ್ಟುತ್ತದೆ. ಪಾದ್ರಿಯ ಆಕ್ಷೇಪಣೆಯಾದರೋ ಧರ್ಮದಿಂದಿಳಿದು ಅಡಿಗೆಮನೆಯವರೆಗೂ ಬರುತ್ತದೆ: ಆಕೆ ಮಾಡಿಕೊಟ್ಟ ಕಾಫಿ ಅತಿ ಕಪ್ಪು. (ಈ ಒಂದು ವಿಷಯದಲ್ಲಿ ಗಟ್ಟಿ ಡಿಕಾಕ್ಷನ್ನಿನ ರುಚಿ ಬಲ್ಲ ನಮ್ಮ ಓದುಗರು ಇಂಗೆಯ ಪಕ್ಷವನ್ನೇ ವಹಿಸುವರೆಂದು ನಂಬುತ್ತೇನೆ.) ಜಾನ್ ಹರ್ಡ್ ಈ ಪಾತ್ರವನ್ನು ದುಷ್ಟನನ್ನಾಗಿ ಮಾಡದೆ, ತನ್ನ ಮಂದೆಯನ್ನು ಕಾಯಬೇಕೆಂಬ ಕಳವಳದಿಂದಲೇ ಅನ್ಯಾಯಕ್ಕೆ ಇಳಿಯುವ ಸಜ್ಜನನನ್ನಾಗಿ ಚಿತ್ರಿಸಿರುವುದು ಶ್ಲಾಘ್ಯವಾಗಿದೆ.

ಹೀಗೆ ಎರಡು ಬಾಗಿಲುಗಳೂ ಮುಚ್ಚಿದ ಮೇಲೆ ಇಂಗೆಯು ಓಲಾಫನ ಮನೆಯನ್ನು ಸೇರುತ್ತಾಳೆ; ಟಿಮ್ ಗೀನಿಯ ಮಿತಭಾಷಿ ಓಲಾಫನು ಮಾನಮರ್ಯಾದೆಗೆ ಕಟ್ಟುಬಿದ್ದು ಕೊಟ್ಟಿಗೆಯಲ್ಲಿ ಮಲಗುತ್ತಾನೆ. ಊರು ಅವರನ್ನು ಬಹಿಷ್ಕರಿಸುತ್ತದೆ. ಒಬ್ಬರ ಬೆಳೆಗೆ ಎಲ್ಲರೂ ಕೈಗೂಡಿಸುವ ಕಾಲದಲ್ಲಿ ಇವರ ಹೊಲಕ್ಕೆ ಯಾರೂ ಬಾರದಿರಲು, ಇಬ್ಬರೇ ಕೈಯಿಂದ ಕೊಯ್ದು ಮುಗಿಸುತ್ತಾರೆ. ಸಾಲಿನಿಂದ ಸಾಲಿಗೆ ನಡೆಯುತ್ತ, ಬಗ್ಗುತ್ತ, ದಣಿಯುತ್ತ, ಒಬ್ಬರ ಕೈಯ ವೇಗಕ್ಕೆ ಇನ್ನೊಬ್ಬರ ಕೈ ಹೊಂದಿಕೊಳ್ಳುವುದನ್ನು ಕ್ಯಾಮರಾ ಅವಸರವಿಲ್ಲದೆ ನೋಡುತ್ತದೆ. ಮದುವೆಯ ವಿಧಿಯೆಂಬುದು ಈ ಚಿತ್ರದಲ್ಲಿ ಎಲ್ಲಿಯಾದರೂ ನಡೆದಿದ್ದರೆ ಇಲ್ಲಿಯೇ ನಡೆದಿದೆ. ನಮ್ಮ ಧರ್ಮಶಾಸ್ತ್ರಕಾರರು ಎಣಿಸಿದ ಎಂಟು ವಿವಾಹಗಳಲ್ಲಿ ಇದಕ್ಕೆ ಸ್ಥಾನವಿಲ್ಲ. ಗಾಂಧರ್ವಕ್ಕೆ ಬೇಕಾದ ಅನುರಾಗವು ಇಲ್ಲಿ ಮೊದಲಿಗಿಲ್ಲ, ದುಡಿಮೆಯಿಂದ ಹುಟ್ಟುತ್ತದೆ.

ಚಿತ್ರದ ಉತ್ತರಾರ್ಧದ ಬಗ್ಗೆ ನನಗೆ ಆಕ್ಷೇಪವಿದೆ. ಅಲನ್ ಕಮಿಂಗ್ ಅಭಿನಯಿಸಿದ ಫ್ರಾಂಡ್‌ಸನ್ ಎಂಬ ಬಹುಸಂತಾನಿ ಮಿತ್ರನ ಜಮೀನು ಬ್ಯಾಂಕಿನ ಸಾಲಕ್ಕೆ ಹರಾಜಾಗುವಾಗ, ಬೇಸಾಯಕ್ಕೂ ಬ್ಯಾಂಕಿಗೂ ಕೂಡಿಬರದೆಂದು ನಂಬಿದ್ದ ಓಲಾಫನೇ ಕೈಯಲ್ಲಿಲ್ಲದ ಹಣಕ್ಕೆ ಸವಾಲು ಕೂಗುತ್ತಾನೆ. ದೂರವಿಟ್ಟಿದ್ದ ಊರವರು ಆಮೇಲೆ ನೆರವಿಗೆ ಬರುತ್ತಾರೆ. ಯುದ್ಧಕಾಲದಲ್ಲಿ ಬುಷೆಲ್ಲಿಗೆ 2.26 ಡಾಲರಿನಂತೆ ಸರ್ಕಾರವೇ ಗೋಧಿಗೆ ಕೊಟ್ಟಿದ್ದ ಬೆಲೆಯ ಭರವಸೆಯು 1920ರಲ್ಲಿ ಕೊನೆಗೊಂಡು ಧಾರಣೆ ಕುಸಿದುದನ್ನು ನೆನೆದರೆ, ಸಾಲಗಾರ ರೈತರ ಈ ಒಗ್ಗಟ್ಟು ಅಸಂಭಾವ್ಯವೇನಲ್ಲ. ಆದರೆ ಇಂಗೆಯು ಒಳಗಿನವಳಾದದ್ದು ಆಕೆಯನ್ನು ಅರಿತುದರಿಂದಲೋ, ಜರ್ಮನಳಿಗಿಂತ ಬ್ಯಾಂಕಿನವನು ಹತ್ತಿರದ ಶತ್ರುವಾಗಿ ಕಂಡುದರಿಂದಲೋ? ಚಿತ್ರವು ಈ ಕಹಿಯಾದ ಸಾಧ್ಯತೆಯನ್ನು ಮುಟ್ಟದೆ, ಸಿಹಿಯಾದ ಸಮಾಧಾನದಲ್ಲಿ ಜಾರಿಕೊಳ್ಳುತ್ತದೆ.

ವೀವರನ ಮೂಲಕಥೆ ಇದಕ್ಕಿಂತ ಕಠಿನವಾದುದು. ಅಲ್ಲಿ ಮುದುಕಿ ಇಂಗೆಯು ಸತ್ತಾಗ, ಸ್ವಂತ ಜಮೀನಿನಲ್ಲಿ ಹೂಳಲು ಕಾನೂನು ಒಪ್ಪುವುದಿಲ್ಲವೆಂದು ಅಧಿಕಾರಿಯು ತಿಳಿಸುತ್ತಾನೆ. ಮನೆಯವರು ಆಕೆಯನ್ನು ಹೊಲದಲ್ಲಿಯೇ ಹೂಳಿ, ಮೇಲೆ ಉತ್ತು ಗೋಧಿ ಬಿತ್ತುತ್ತಾರೆ. ಮದುವೆಗೆ ದೊರೆಯದ ಅನುಮತಿ ಮರಣಕ್ಕೂ ದೊರೆಯದೆಂಬ ಈ ಸಮತೋಲದಲ್ಲಿ ಕಥೆಯ ನ್ಯಾಯಬುದ್ಧಿ ಅಡಗಿದೆ. ಮೊಮ್ಮಗನ ಕಾಲ, 1968 ಮತ್ತು 1920 ಎಂದು ಮೂರು ಕಾಲಗಳನ್ನು ಹೆಣೆದ ಚಿತ್ರದಲ್ಲಿ ಅದು ಮಸುಕಾಗಿದೆ. ಆದುದರಿಂದ ಈ ಚಿತ್ರವನ್ನು ನೋಡಬಯಸುವವರು ಮೊದಲು ಆ ಸಣ್ಣಕಥೆಯನ್ನು ಓದಿಯೇ ನೋಡಬೇಕೆಂದು ವಿನಂತಿಸುತ್ತೇನೆ.