ಅಚ್ಚನ್ನು ಬಲ್ಲವನೇ ವಿನ್ಯಾಸಕಾರ: ಒಂದು ತರಬೇತಿಯ ಚರಿತ್ರೆ

ನಾವು ದಿನವೂ ಮುಟ್ಟುವ ಬಕೆಟ್, ವಿದ್ಯುತ್ ಸ್ವಿಚ್ಚು, ಮಿಕ್ಸಿಯ ಮುಚ್ಚಳ, ಸ್ಕೂಟರಿನ ಬಿಡಿಭಾಗ ಇವೆಲ್ಲವೂ ಅಚ್ಚು ಇಲ್ಲವೇ ಡೈಗಳಿಂದ ಹುಟ್ಟಿದ ವಸ್ತುಗಳು. ಬಕೆಟ್ಟಿನ ಬಾಯಿ ಅಗಲವಾಗಿ, ತಳ ಕಿರಿದಾಗಿ ಇರುವುದೇಕೆ ಎಂದು ಎಂದಾದರೂ ಯೋಚಿಸಿದ್ದೀರಾ? ಗೋಡೆ ನೆಟ್ಟಗಿದ್ದರೆ ತಣಿದ ಪ್ಲಾಸ್ಟಿಕ್ ಅಚ್ಚನ್ನು ಕಚ್ಚಿಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ಇಡ್ಲಿ ತಟ್ಟೆಯ ಗುಳಿ ಓರೆಯಾಗಿರುವುದರಿಂದಲೇ ಇಡ್ಲಿ ಸಲೀಸಾಗಿ ಏಳುತ್ತದೆ. ಇದೂ ಹಾಗೆಯೇ. ವಸ್ತುವಿನ ಆಕಾರವನ್ನು ಯೋಚಿಸುವವನು ಅದು ತಯಾರಾಗುವ ಬಗೆಯನ್ನೂ ಅರಿತಿರಬೇಕು. ಈ ಅರಿವನ್ನು ಮುಂದಿನ ಪೀಳಿಗೆಗೆ ಕಲಿಸಿದ ಬಗೆಗೆ ಒಂದು ದೀರ್ಘ ಚರಿತ್ರೆಯಿದೆ.

ಉಸ್ತಾದರಿಂದ ನಕ್ಷೆಯವರೆಗೆ

ನಮ್ಮ ಬೀದರಿನ ಬಿದ್ರಿ ಕಲೆಯನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ನಯಗೊಳಿಸಿ, ಹೂಬಳ್ಳಿ ಕೆತ್ತಿ, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಿಂದ ಕಪ್ಪು ಬಣ್ಣ ತರುತ್ತಾರೆ. ಉಸ್ತಾದರ ಪಕ್ಕದಲ್ಲಿ ಕುಳಿತ ಶಾಗಿರ್ದನು ನೋಡಿ ನೋಡಿಯೇ ಕಲಿಯುತ್ತಿದ್ದ. ಆ ಪದ್ಧತಿಯಲ್ಲಿ ವಿನ್ಯಾಸ ಮತ್ತು ತಯಾರಿಕೆ ಬೇರೆ ಬೇರೆಯಾಗಿರಲಿಲ್ಲ. ಆದರೆ ಒಂದೇ ಅಳತೆಯ ಸಾವಿರಾರು ಭಾಗಗಳನ್ನು ಹಲವು ಊರುಗಳಲ್ಲಿ ತಯಾರಿಸಬೇಕೆಂದಾಗ ಕೈಯ ನೆನಪೊಂದೇ ಸಾಲದಾಯಿತು. ಎಲ್ಲರೂ ಒಂದೇ ಅರ್ಥದಲ್ಲಿ ಓದಬಲ್ಲ ನಕ್ಷೆ ಬೇಕಾಯಿತು.

ಆ ಭಾಷೆಗೆ ವ್ಯಾಕರಣ ಬರೆದವನು ಫ್ರಾನ್ಸಿನ ಗಣಿತಜ್ಞ ಗ್ಯಾಸ್ಪಾರ್ ಮೋಂಜ್. ಘನವಸ್ತುವನ್ನು ಕಾಗದದ ಮೇಲೆ ಹಲವು ನೋಟಗಳಲ್ಲಿ ನಿಖರವಾಗಿ ತೋರಿಸುವ ಅವನ ರೇಖಾಗಣಿತವನ್ನು ಸೈನ್ಯವು ಹಲವು ವರ್ಷ ಗುಟ್ಟಾಗಿಟ್ಟಿತ್ತು. 1795ರಲ್ಲಿ ಅವನು ಅದನ್ನು ಪ್ಯಾರಿಸಿನಲ್ಲಿ ಬಹಿರಂಗವಾಗಿ ಬೋಧಿಸಿದ. ಇಂದಿನ ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಅದೇ ತಳಹದಿ.

ಪ್ಲಾಸ್ಟಿಕ್ ತಂದ ಹೊಸ ಪಾಠ

1872ರಲ್ಲಿ ಅಮೆರಿಕದ ಹಯಟ್ ಸೋದರರು ಸೆಲ್ಯುಲಾಯಿಡನ್ನು ಒತ್ತಿ ಅಚ್ಚಿಗೆ ತುಂಬುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟನ್ನು ಕಂಡುಹಿಡಿದ. ಹೊಸ ವಸ್ತುವಿನೊಂದಿಗೆ ಹೊಸ ನಿಯಮಗಳೂ ಬಂದವು. ಪ್ಲಾಸ್ಟಿಕ್ ಭಾಗದ ಗೋಡೆಯ ದಪ್ಪ ಆದಷ್ಟೂ ಸಮನಾಗಿರಬೇಕು. ಒಂದೆಡೆ ಹೆಚ್ಚು ದಪ್ಪವಾದರೆ ಅಲ್ಲಿ ನಿಧಾನವಾಗಿ ತಣಿದು ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ಪಾಲಿಪ್ರೊಪಿಲೀನ್ ತಣಿಯುವಾಗ ಶೇಕಡ 1ರಿಂದ 2ರಷ್ಟು ಕುಗ್ಗುವುದರಿಂದ ಅಚ್ಚನ್ನು ಅಷ್ಟೇ ದೊಡ್ಡದಾಗಿ ಕೊರೆಯಬೇಕು. ಲೋಹದ ತಗಡಿನ ಸ್ವಭಾವವೇ ಬೇರೆ. 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ಅದು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಆದ್ದರಿಂದ ತುಸು ಹೆಚ್ಚೇ ಬಗ್ಗಿಸಬೇಕು. ತಗಡಿನ ದಪ್ಪಕ್ಕಿಂತ ಸಣ್ಣ ತೂತು ಹೊಡೆಯಹೋದರೆ ಪಂಚ್ ಮುರಿಯುವ ಅಪಾಯವುಂಟು. ಕಾಗದದ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು, ಉಕ್ಕಿನಲ್ಲಿ ಕೊರೆದ ತಪ್ಪನ್ನು ತಿದ್ದುವುದು ಬಹಳ ದುಬಾರಿ.

ನಮ್ಮ ನಾಡಿನ ತರಬೇತಿ ಕೇಂದ್ರಗಳು

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ 1948ರಲ್ಲಿ ದೂರವಾಣಿ ಕಾರ್ಖಾನೆ ಐ.ಟಿ.ಐ., 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಎಚ್.ಎಂ.ಟಿ. ಸ್ಥಾಪನೆಯಾದವು. ಆದರೆ ಯಂತ್ರಗಳಿದ್ದರೆ ಸಾಲದು, ಅವುಗಳಿಗೆ ಅಚ್ಚು ಮತ್ತು ಡೈ ರೂಪಿಸಬಲ್ಲ ಬುದ್ಧಿಯೂ ಕೈಯೂ ಬೇಕು. ಈ ಕೊರತೆಯನ್ನು ನೀಗಲು ಹಲವು ಸಂಸ್ಥೆಗಳು ಮುಂದೆ ಬಂದವು. 1959ರಲ್ಲಿ ಕೇರಳದ ತಲಶ್ಶೇರಿ ಸಮೀಪದ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಎನ್.ಟಿ.ಟಿ.ಎಫ್. ಆರಂಭವಾಯಿತು. ಮುಂದೆ ಬೆಂಗಳೂರೇ ಅದರ ಮುಖ್ಯ ನೆಲೆಯಾಯಿತು. 1968ರಲ್ಲಿ ವಿಶ್ವಸಂಸ್ಥೆಯ ನೆರವಿನೊಂದಿಗೆ ಮದರಾಸಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸಿಪೆಟ್, ಹೈದರಾಬಾದಿನಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ ತಲೆಯೆತ್ತಿದವು. ಸಿಪೆಟ್‌ನ ಕೇಂದ್ರ ನಮ್ಮ ಮೈಸೂರಿನಲ್ಲೂ ಇದೆ.

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಕರ್ನಾಟಕದ ಹೆಮ್ಮೆ. ಹೆಸರೇ ಹೇಳುವಂತೆ ಇಲ್ಲಿ ಉಪಕರಣಾಗಾರವೂ ಶಾಲೆಯೂ ಒಂದೇ ಸೂರಿನಡಿ ಇವೆ. ಕೈಗಾರಿಕೆಗಳಿಗೆ ಬೇಕಾದ ಅಚ್ಚುಗಳು ತಯಾರಾಗುವ ಜಾಗದಲ್ಲೇ ವಿದ್ಯಾರ್ಥಿ ಕಲಿಯುತ್ತಾನೆ. ಇಂದು ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಮುಂತಾದ ಕಡೆಗಳಲ್ಲೂ ಇದರ ಕೇಂದ್ರಗಳಿವೆ. ಇಂತಹ ತರಬೇತಿಯಲ್ಲಿ ಮೊದಲು ಅರ ಹಿಡಿದು ಲೋಹದ ತುಂಡನ್ನು ಚೌಕಾಕಾರಕ್ಕೆ ತರುವುದನ್ನು ಕಲಿಸುತ್ತಾರೆ. ನಂತರ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್. ವಿನ್ಯಾಸದ ಹೆಚ್ಚಿನ ಪಾಠಗಳು ಇವುಗಳ ಬೆನ್ನಿಗೆ ಬರುತ್ತವೆ. ಉಸ್ತಾದ್-ಶಾಗಿರ್ದ್ ಪದ್ಧತಿಯ ಸಾರ ಇಲ್ಲಿ ಹೊಸ ರೂಪದಲ್ಲಿ ಮರಳಿ ಬಂದಿದೆ ಎಂದರೆ ತಪ್ಪಾಗಲಾರದು.

ಗಣಕಯಂತ್ರದ ಕಾಲ

1963ರಲ್ಲಿ ಐವನ್ ಸದರ್‌ಲ್ಯಾಂಡ್ ಪರದೆಯ ಮೇಲೆ ನೇರವಾಗಿ ಚಿತ್ರ ಬರೆಯುವ 'ಸ್ಕೆಚ್‌ಪ್ಯಾಡ್' ರೂಪಿಸಿದ. 1982ರಲ್ಲಿ ಆಟೋಕ್ಯಾಡ್, 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದವು. ಡ್ರಾಯಿಂಗ್ ಬೋರ್ಡು ಮೂಲೆ ಸೇರಿತು. ಊರೂರಲ್ಲಿ ಕ್ಯಾಡ್ ತರಗತಿಗಳು ತೆರೆದವು. ಇದು ಸ್ವಾಗತಾರ್ಹವೇ. ಆದರೆ ಸಾಫ್ಟ್‌ವೇರ್ ಯಾವ ಆಕಾರವನ್ನಾದರೂ ಪರದೆಯ ಮೇಲೆ ಬರೆಯಲು ಬಿಡುತ್ತದೆ. ಅಚ್ಚಿನಿಂದ ಹೊರಬಾರದ ಆಕಾರವೂ ಅಲ್ಲಿ ಸುಂದರವಾಗಿಯೇ ಕಾಣುತ್ತದೆ. ಆಜ್ಞೆಗಳನ್ನಷ್ಟೇ ಕಲಿತು, ಅಚ್ಚನ್ನು ಒಮ್ಮೆಯೂ ಬಿಚ್ಚಿ ನೋಡದವನು ಚಿತ್ರಕಾರನಾಗಬಹುದು, ವಿನ್ಯಾಸಕಾರನಾಗಲಾರ.

ಪ್ರಿಯ ವಿದ್ಯಾರ್ಥಿಗಳೇ, ಎಸ್.ಎಸ್.ಎಲ್.ಸಿ. ಮುಗಿಸಿದವರಿಗೂ ಈ ಡಿಪ್ಲೊಮಾಗಳ ಬಾಗಿಲು ತೆರೆದಿದೆ. 'ನಾವು ಉರ್ದು ಮಾಧ್ಯಮದವರು, ಕನ್ನಡ ಮಾಧ್ಯಮದವರು, ನಮ್ಮಿಂದಾದೀತೇ?' ಎಂದು ಹಿಂಜರಿಯುವ ಮಕ್ಕಳು ನಮ್ಮಲ್ಲಿ ಬಹಳ. ಪುಸ್ತಕದ ಇಂಗ್ಲಿಷ್ ಮೊದಲ ವರ್ಷ ಕಾಡಬಹುದು, ನಿಜ. ಆದರೆ ನಕ್ಷೆಯ ಭಾಷೆಗೆ ಮಾತೃಭಾಷೆಯ ಭೇದವಿಲ್ಲ. ಅದನ್ನು ಎಲ್ಲರೂ ಮೊದಲ ಅಕ್ಷರದಿಂದಲೇ ಕಲಿಯಬೇಕು. ಹೆತ್ತವರಲ್ಲಿ ಒಂದು ವಿನಂತಿ: ಮಗ ಅರ ಹಿಡಿದರೆ ಅದು ಕೂಲಿ ಕೆಲಸವೆಂದು ಕೀಳಾಗಿ ಕಾಣಬೇಡಿ, ಮಗಳು ವಿನ್ಯಾಸ ಕಲಿಯುವೆನೆಂದರೆ ತಡೆಯಬೇಡಿ. ಕೈಯ ವಿದ್ಯೆ ಮತ್ತು ತಲೆಯ ವಿದ್ಯೆ ಕೂಡಿದಲ್ಲೇ ಒಳ್ಳೆಯ ವಿನ್ಯಾಸಕಾರರು ತಯಾರಾದರೆಂಬುದನ್ನು ಈ ಚರಿತ್ರೆ ನಮಗೆ ತೋರಿಸಿಕೊಟ್ಟಿದೆ.