ನಮ್ಮ ಹಳೆಯ ಜಿಲ್ಲೆ

ಪರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಕೇಳಿದ: “ಸರ್, ನಾನು 1980ರಲ್ಲಿ ಕಾರ್ಕಳದಲ್ಲಿ ಹುಟ್ಟಿದವನು. ಅರ್ಜಿಯಲ್ಲಿ ಜಿಲ್ಲೆ ದಕ್ಷಿಣ ಕನ್ನಡವೆಂದು ಬರೆಯಲೋ, ಉಡುಪಿಯೆಂದೋ?” ಜನನಪತ್ರದಲ್ಲಿರುವಂತೆ ಬರೆ ಎಂದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು. ಕಾರವಾರದಿಂದ ಕಾಸರಗೋಡಿನ ಆಚೆಯವರೆಗೂ ಕೆನರಾ ಎಂಬ ಒಂದೇ ಆಡಳಿತ. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. 1860ರ ಸುಮಾರಿಗೆ ಅದು ಉತ್ತರ, ದಕ್ಷಿಣ ಎಂದು ಇಬ್ಭಾಗವಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕುಂದಾಪುರ ಮಾತ್ರ ನಮ್ಮೊಡನೆ ಮದ್ರಾಸಿನಲ್ಲಿ ಉಳಿಯಿತು. ಹೀಗೆ ನೆರೆಯ ಊರುಗಳಾದ ಭಟ್ಕಳ, ಬೈಂದೂರುಗಳಿಗೆ ಸುಮಾರು ಒಂದು ಶತಮಾನ ಕಾಲ ಬೇರೆ ಬೇರೆ ರಾಜಧಾನಿಗಳಿದ್ದವು.

ಎರಡನೆಯ ಗೆರೆ ಬಿದ್ದುದು 1956ರ ನವೆಂಬರ್ 1ರಂದು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದಿತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವ ಪಡೆದ ಗೋವಿಂದ ಪೈಗಳು ಮಂಜೇಶ್ವರದ ತಮ್ಮ ಮನೆಯಲ್ಲಿ ಇದ್ದಂತೆಯೇ ಕೇರಳದವರಾದರು. ನನ್ನ ತಾಯಿಯದೂ ಅದೇ ಕಥೆ. ಕುಂಬಳೆಯಿಂದ ಕಾಪುವಿಗೆ ಮದುವೆಯಾಗಿ ಬಂದಾಗ ಆಕೆಗೆ ಜಿಲ್ಲೆಯೂ ಬದಲಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ತವರು ಪರರಾಜ್ಯವಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದಾಗ ಮನೆಯಲ್ಲಿ ಆಸೆ ಚಿಗುರಿತ್ತಂತೆ. ಅದು ಕೈಗೂಡಲಿಲ್ಲ.

ಮೂರನೆಯ ಗೆರೆಗೆ ನಾನೇ ಸಾಕ್ಷಿ. 1997ರ ಆಗಸ್ಟ್ 25ರಂದು ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳು ಸೇರಿ ಉಡುಪಿ ಜಿಲ್ಲೆಯಾಯಿತು. ಇದರಿಂದ ನೋವಾಗಲಿಲ್ಲ, ಅನುಕೂಲವೇ ಆಯಿತು. ಬೈಂದೂರಿನವರು ಒಂದು ಸಹಿಗಾಗಿ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮಂಗಳೂರಿಗೆ ಹೋಗಬೇಕಾಗಿದ್ದ ಕಾಲ ಮುಗಿಯಿತು. ಈಗ ಮಣಿಪಾಲದ ರಜತಾದ್ರಿಗೆ ಬಂದರೆ ಸಾಕು. ಮುಂದೆ ಕಾಪು, ಹೆಬ್ರಿಗಳೂ ತಾಲೂಕುಗಳಾದವು.

ಆದ್ದರಿಂದ ಗೆರೆಗಳೆಲ್ಲ ಕೆಟ್ಟವೆಂದು ನಾನು ಹೇಳಲಾರೆ. ಕಚೇರಿಯನ್ನು ಜನರ ಹತ್ತಿರಕ್ಕೆ ತಂದ ಗೆರೆ ಬೇರೆ, ಮಕ್ಕಳ ಶಾಲೆಯ ಭಾಷೆಯನ್ನೇ ಪ್ರಶ್ನೆಯಾಗಿಸಿದ ಗೆರೆ ಬೇರೆ. ತರಗತಿಯಲ್ಲಿ ನಿಮ್ಮಿಂದ ನಕ್ಷೆ ಬರೆಯಿಸುವಾಗ ಈ ವ್ಯತ್ಯಾಸವನ್ನು ನಾನು ಹೇಳಿರಲಿಲ್ಲ. ಅದಕ್ಕಾಗಿ ಇಂದು ಬರೆದಿದ್ದೇನೆ.