ಪಾಚಿ ತಿನ್ನುವ ಮೀನುಗಳ ಪೂರ್ವೋತ್ತರ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕುವವರ ಮೊದಲ ಸಂತೋಷ ಮೀನು, ಮೊದಲ ಸಂಕಟ ಪಾಚಿ. ತೊಟ್ಟಿ ತಂದ ಒಂದು ತಿಂಗಳೊಳಗೆ ಗಾಜಿನ ಮೇಲೆ ಹಸಿರು ಲೇಪ ಮೂಡುತ್ತದೆ, ಗಿಡದೆಲೆಗಳ ಅಂಚಿಗೆ ಕಪ್ಪು ಕೂದಲಿನಂತಹ ಎಳೆಗಳು ಅಂಟಿಕೊಳ್ಳುತ್ತವೆ. ಆಗ ಅಂಗಡಿಗೆ ಓಡಿದರೆ ಅಂಗಡಿಯವನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ಗೆರೆಯ ಸಣ್ಣ ಮೀನೊಂದನ್ನು ಹಾಕಿಕೊಟ್ಟು, "ಇದು ಪಾಚಿಯನ್ನೆಲ್ಲ ತಿಂದುಬಿಡುತ್ತದೆ ಸಾರ್" ಎನ್ನುತ್ತಾನೆ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದೇ ಅನುಭವವನ್ನು ಬರೆದು, "ಮೇಷ್ಟ್ರೇ, ಯಾವ ಮೀನನ್ನು ತರಬೇಕು?" ಎಂದು ಕೇಳಿದ್ದಾರೆ. ಚರಿತ್ರೆ ಕಲಿಸಿದವನಿಗೆ ಕೇಳಿದ ಪ್ರಶ್ನೆಯಾದ್ದರಿಂದ ಉತ್ತರವೂ ಚರಿತ್ರೆಯಿಂದಲೇ ಆರಂಭವಾಗುವುದು ಅನಿವಾರ್ಯ. ಈ ಮೀನುಗಳ ಹೆಸರುಗಳಲ್ಲಿರುವ ಗೊಂದಲವು ಅವುಗಳ ಚರಿತ್ರೆಯನ್ನು ತಿಳಿಯದೆ ಬಿಡಿಸಿಕೊಳ್ಳುವಂಥದಲ್ಲ.

ಗಾಜಿನ ತೊಟ್ಟಿಯ ಹವ್ಯಾಸಕ್ಕೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಮುಖ್ಯನಾದವನು ಲಂಡನ್ನಿನ ರಾಬರ್ಟ್ ವಾರಿಂಗ್ಟನ್. ಈತ ಅಲ್ಲಿನ ಔಷಧ ವ್ಯಾಪಾರಿಗಳ ಸಂಘದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ. 1849ರಲ್ಲಿ ಈತ ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಮರಳು, ಕೆಸರು, ನೀರು ತುಂಬಿ, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಗೋಲ್ಡ್ ಫಿಶ್‌ಗಳನ್ನು ಬಿಟ್ಟ. ಗಿಡವು ಬಿಡುವ ಆಮ್ಲಜನಕವು ಮೀನಿಗೆ, ಮೀನು ಬಿಡುವ ಇಂಗಾಲಾಮ್ಲವು ಗಿಡಕ್ಕೆ ಎಂಬುದು ಅವನ ಲೆಕ್ಕಾಚಾರ. ಲೆಕ್ಕವೇನೋ ಸರಿಯಾಗಿತ್ತು. ಆದರೆ ಕೆಲವು ಕಾಲದಲ್ಲೇ ಗಿಡದ ಎಲೆಗಳು ಕೊಳೆತು, ಎಳೆಪಾಚಿ ಬೆಳೆದು ನೀರು ಕದಡಿತು. ಆಗ ವಾರಿಂಗ್ಟನ್ ಕೊಳದಿಂದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ತಿಂದು ನೀರನ್ನು ತಿಳಿಗೊಳಿಸಿದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. ಇದನ್ನು ಆತ 1850ರಲ್ಲಿ ಲಂಡನ್ನಿನ ರಸಾಯನ ಸಂಘದ ಮುಂದೆ ನಿರೂಪಿಸಿದ.

ಮಕ್ಕಳೇ, ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪಾಚಿ ತಿನ್ನುವ ಪ್ರಾಣಿ ಗಾಜಿನ ತೊಟ್ಟಿಗೆ ಆಮೇಲೆ ಸೇರಿಸಿದ ಅಲಂಕಾರವಲ್ಲ. ಅದಿಲ್ಲದೆ ಆ ಮೊದಲ ತೊಟ್ಟಿಯೇ ನಿಲ್ಲುತ್ತಿರಲಿಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಎಂಬ ಪುಸ್ತಕವು ಆ ಪದವನ್ನು ಮನೆಮಾತಾಗಿಸಿತು.

ಬಸವನಹುಳುವಿನ ಕೆಲಸವನ್ನು ಮೀನಿಗೆ ವಹಿಸುವ ಕಾಲ ಬಂದದ್ದು ಉಷ್ಣವಲಯದ ಮೀನುಗಳು ಯೂರೋಪು, ಅಮೆರಿಕಗಳಿಗೆ ಹಡಗುಗಳಲ್ಲಿ ಹೋಗತೊಡಗಿದ ಮೇಲೆ. ಈ ಅಧ್ಯಾಯದ ಮುಖ್ಯ ಭೂಮಿ ಸಯಾಮ್, ಎಂದರೆ ಇಂದಿನ ಥಾಯ್ಲೆಂಡ್, ಮತ್ತು ಅದರ ನೆರೆಯ ಕಾಂಬೋಡಿಯ. 1880ರ ದಶಕದಲ್ಲಿ ಗಿಲ್ಬರ್ಟ್ ತಿರಾಂ ಎಂಬ ಫ್ರೆಂಚ್ ಅಧಿಕಾರಿ ಆ ಭಾಗದ ಮೀನುಗಳನ್ನು ವರ್ಣಿಸುತ್ತ, ಬಂಡೆಗೆ ಬಾಯಿಂದ ಅಂಟಿಕೊಳ್ಳುವ ಒಂದು ಮೀನಿಗೆ ಎತಿಯೆನ್ ಎಮೋನಿಯೆಯ ಹೆಸರನ್ನಿಟ್ಟ. ಎಮೋನಿಯೆ ಮೀನಿನ ಪಂಡಿತನಲ್ಲ. ಕಾಂಬೋಡಿಯದ ಹಾಳು ದೇವಾಲಯಗಳನ್ನೂ ಶಾಸನಗಳನ್ನೂ ಅರಸಿ ಅಲೆದ ವಿದ್ವಾಂಸ. ನಮ್ಮಲ್ಲಿ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸುತ್ತಿದ್ದ ಕಾಲವೇ ಅದು. ಶಾಸನತಜ್ಞನ ಹೆಸರನ್ನು ಹೊತ್ತ ಆ ಮೀನು, ಗೈರಿನೋಕೈಲಸ್ ಎಮೋನಿಯೆರಿ, ಇಂದು ಅಂಗಡಿಗಳಲ್ಲಿ 'ಚೈನೀಸ್ ಆಲ್ಗೀ ಈಟರ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದರ ತವರು ಮೆಕಾಂಗ್, ಚಾವೊಪ್ರಾಯ ನದಿಗಳು. ಹೆಸರಿನ ಚೀನಾ ವ್ಯಾಪಾರಿಗಳ ಕೊಡುಗೆ.

ಹ್ಯೂ ಮೆಕಾರ್ಮಿಕ್ ಸ್ಮಿತ್ ಎಂಬ ಅಮೆರಿಕನ್ನನು 1923ರಲ್ಲಿ ಸಯಾಮ್ ಸರ್ಕಾರದ ಮೀನುಗಾರಿಕೆಯ ಸಲಹೆಗಾರನಾಗಿ ಹೋದ. 1931ರಲ್ಲಿ ಆತ ಒಂದು ಕಪ್ಪು ಗೆರೆಯ ಮೀನಿಗೆ ಸಯಾಮೆನ್ಸಿಸ್ ಎಂಬ ಹೆಸರು ಕೊಟ್ಟ. ಅದರಿಂದ ಬಂದದ್ದೇ 'ಸಯಾಮೀಸ್ ಆಲ್ಗೀ ಈಟರ್' ಎಂಬ ವ್ಯಾಪಾರದ ಹೆಸರು. ಮುಂದೆ ಪಂಡಿತರು ಇಂಡೋನೇಷ್ಯದಿಂದ ವರ್ಣಿತವಾಗಿದ್ದ ಹಳೆಯ ಜಾತಿಗಳೊಡನೆ ಹೋಲಿಸಿ ಈ ಹೆಸರನ್ನು ಬಹಳವಾಗಿ ಚರ್ಚಿಸಿದ್ದಾರೆ. ನಮಗೆ ತಿಳಿದಿರಬೇಕಾದದ್ದು ಇಷ್ಟು: ಈ ಹೆಸರಿನಲ್ಲಿ ಮಾರುವ ನಿಜವಾದ ಮೀನುಗಳು ಕ್ರಾಸೋಕೈಲಸ್ ಎಂಬ ಕುಲದವು, ಅವು ಒಂದಕ್ಕಿಂತ ಹೆಚ್ಚು ಜಾತಿಯವು. ಅದೇ ಹೆಸರಿನಲ್ಲಿ ಮಾರುವ ಸುಳ್ಳು ಮೀನುಗಳೂ ಇವೆ.

ಗುರುತಿಸುವ ಬಗೆಯನ್ನು ಹೇಳುತ್ತೇನೆ; ಅಂಗಡಿಗೆ ಹೋಗುವಾಗ ನೆನಪಿಟ್ಟುಕೊಳ್ಳಿ. ನಿಜವಾದ ಸಯಾಮೀಸ್ ಮೀನಿನ ಕಪ್ಪು ಗೆರೆ ಮೂತಿಯಿಂದ ಹೊರಟು ಬಾಲದ ರೆಕ್ಕೆಯ ತುದಿಯವರೆಗೂ ಹೋಗುತ್ತದೆ. ಗೆರೆಯ ಅಂಚು ಗರಗಸದಂತೆ ಏರುಪೇರಾಗಿರುತ್ತದೆ. ಈಜುರೆಕ್ಕೆಗಳಿಗೆ ಬಣ್ಣವಿಲ್ಲ, ಗಾಜಿನಂತೆ ಪಾರದರ್ಶಕ. 'ಫ್ಲೈಯಿಂಗ್ ಫಾಕ್ಸ್' ಎಂಬ ಸೋದರಸಂಬಂಧಿಗೆ ಕಪ್ಪು ಗೆರೆಯ ಮೇಲೆ ಹೊಂಬಣ್ಣದ ಇನ್ನೊಂದು ಗೆರೆ ಎದ್ದುಕಾಣುತ್ತದೆ, ಅಂಚು ನಯವಾಗಿರುತ್ತದೆ, ರೆಕ್ಕೆಗಳಲ್ಲಿ ಕಪ್ಪು ಬಿಳುಪಿನ ಅಲಂಕಾರವಿರುತ್ತದೆ. ನೋಡಲು ಇದೇ ಚೆಲುವಾದರೂ ಬೆಳೆದಂತೆ ಜಗಳಗಂಟಿಯಾಗುತ್ತದೆ. ಮೂರನೆಯದು ಗರ್ರಾ ಕ್ಯಾಂಬೋಜಿಯೆನ್ಸಿಸ್. ಇದರ ಗೆರೆ ಬಾಲದ ಬುಡದಲ್ಲೇ ನಿಂತುಬಿಡುತ್ತದೆ, ರೆಕ್ಕೆಯೊಳಕ್ಕೆ ಹೋಗುವುದಿಲ್ಲ. ನಾಲ್ಕನೆಯದು ಮೇಲೆ ಹೇಳಿದ ಎಮೋನಿಯೆಯ ಮೀನು. ಬಾಯಿ ತಳಭಾಗದಲ್ಲಿ ಬಟ್ಟಲಿನಂತಿದ್ದು ಗಾಜಿಗೆ ಕಚ್ಚಿ ಕೂರುತ್ತದೆ. ಉಸಿರಾಟದ ನೀರನ್ನು ಬಾಯಿಂದ ತೆಗೆದುಕೊಳ್ಳದೆ ಕಿವಿರಿನ ಮೇಲ್ಭಾಗದ ಒಂದು ಸಣ್ಣ ಸೀಳಿನಿಂದ ಎಳೆದುಕೊಳ್ಳುವುದು ಇದರ ವಿಶೇಷ. ಬಾಯಿ ಬಂಡೆಗೆ ಅಂಟಿದ್ದಾಗಲೂ ಉಸಿರಿಗೆ ಅಡ್ಡಿಯಿಲ್ಲ. ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ. ಬೆಳೆದು ಗೇಣುದ್ದ ದಾಟಿದ ಮೇಲೆ ಇತರ ಮೀನುಗಳ ಮೈಯ ಲೋಳೆಯನ್ನು ಹೀರುವ ಚಟಕ್ಕೆ ಬೀಳುತ್ತದೆ. ಎಲೆಗಳ ಮೇಲಿನ ಕಪ್ಪು ಕೂದಲಿನಂತಹ ಪಾಚಿಯನ್ನು ತಿನ್ನುವುದಕ್ಕೆ ಹೆಸರಾದದ್ದು ಮೊದಲನೆಯದು, ಎಂದರೆ ನಿಜವಾದ ಸಯಾಮೀಸ್ ಮೀನು.

ಇನ್ನು ನಮ್ಮ ನಾಡಿನ ವಿಷಯ. ಗರ್ರಾ ಎಂಬ ಹೆಸರನ್ನು 1822ರಲ್ಲಿ ಶಾಸ್ತ್ರಕ್ಕೆ ತಂದವನು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾನದಿಯ ಮೀನುಗಳನ್ನು ಕುರಿತ ತನ್ನ ಗ್ರಂಥದಲ್ಲಿ. ಯಾರು ಈ ಹ್ಯಾಮಿಲ್ಟನ್? ಟಿಪ್ಪು ಸುಲ್ತಾನನ ಪತನದ ನಂತರ, 1800-01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿ ಬೆಳೆ, ಕೆರೆ, ಜಾತಿ, ಕಸುಬುಗಳನ್ನೆಲ್ಲ ದಾಖಲಿಸಿದ ಬುಕಾನನ್ ಎಂದು ನಿಮಗೆ ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಅವನೇ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಇಟ್ಟುಕೊಂಡ.

ಈ ಕುಲದ ಮೀನುಗಳು ನಮ್ಮ ಸಹ್ಯಾದ್ರಿಯ ಹೊಳೆಗಳಲ್ಲಿ ಧಾರಾಳವಾಗಿವೆ. ಗದ್ದದ ಕೆಳಗಿನ ಬಟ್ಟಲಿನಂತಹ ಅಂಗದಿಂದ ಬಂಡೆಗೆ ಅಂಟಿ, ರಭಸದ ನೀರಿನಲ್ಲೂ ಕೊಚ್ಚಿಹೋಗದೆ ಪಾಚಿಯನ್ನು ಕೆರೆದು ತಿನ್ನುತ್ತವೆ. ಹೊಳೆಯ ಮೆಟ್ಟಿಲ ಬಳಿ ನಿಂತು ದೊಡ್ಡ ದೇವರಮೀನುಗಳಿಗೆ ಪುರಿ ಎರಚಿದವರು ನಮ್ಮಲ್ಲಿ ಎಷ್ಟೋ ಮಂದಿ. ಕಲ್ಲಿನ ಬಣ್ಣದಲ್ಲಿ ಕಲ್ಲಿಗಂಟಿಕೊಂಡಿರುವ ಈ ಬಡಮೀನನ್ನು ಕಣ್ಣಿಟ್ಟು ನೋಡಿದವರು ಕಡಿಮೆ. ನೋಡಿದವರೊಬ್ಬರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್. 1920ರಲ್ಲಿ ಮೈಸೂರು ಸೀಮೆಯ ಹೊಸ ಮೀನುಗಳನ್ನು ಕುರಿತ ಲೇಖನದಲ್ಲಿ ಅವರು ಶಿವಮೊಗ್ಗೆಯ ತುಂಗಾನದಿಯ ಒಂದು ಮೀನನ್ನು ಗರ್ರಾ ಬೈಕಾರ್ನ್ಯೂಟಾ ಎಂದು ಹೆಸರಿಸಿದರು. ಎರಡು ಕೋಡಿನದು ಎಂದು ಅರ್ಥ. ಅದರ ಮೂತಿಯ ಮೇಲೆ ಹಾಗೆ ಕಾಣುವ ಉಬ್ಬುಗಳಿವೆ. ಇದೇ ನಾರಾಯಣ ರಾಯರು 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು.

ಅದರ ಮರುವರ್ಷ, 1921ರಲ್ಲಿ, ಸುಂದರ್ ಲಾಲ್ ಹೋರಾ ಅವರು ಭಾರತದ ಗರ್ರಾ ಮೀನುಗಳನ್ನು ಕುರಿತು ವಿಸ್ತಾರವಾಗಿ ಬರೆದರು. ಸಹ್ಯಾದ್ರಿಯ ಬೆಟ್ಟದ ತೊರೆಗಳ ಮೀನುಗಳಿಗೂ ದೂರದ ಮಲಯ ದೇಶದ ಮೀನುಗಳಿಗೂ ಇರುವ ಹೋಲಿಕೆ ಅವರನ್ನು ಜೀವನಪರ್ಯಂತ ಕಾಡಿತು. ನಡುವೆ ಸಾವಿರಾರು ಮೈಲಿಗಳ ಅಂತರವಿರುವಾಗ ಬಂಡೆಗಂಟುವ ಮೀನು ಎರಡು ಕಡೆಯೂ ಹೇಗೆ ಬಂತು? ಒಂದು ಕಾಲದಲ್ಲಿ ಸಾತ್ಪುಡಾ ಬೆಟ್ಟಗಳು ಅಖಂಡ ಸೇತುವೆಯಂತಿದ್ದು, ಅವುಗಳ ತೊರೆಗಳ ಮೂಲಕ ಮೀನುಗಳು ಪಶ್ಚಿಮಕ್ಕೆ ಬಂದವೆಂದು ಅವರು ವಾದಿಸಿದರು. ಇದಕ್ಕೆ ಸಾತ್ಪುಡಾ ಸಿದ್ಧಾಂತವೆಂದು ಹೆಸರು. ಇಂದಿನ ವಿಜ್ಞಾನಿಗಳಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಆದರೆ ಪ್ರಶ್ನೆಯ ಘನತೆ ಅದರಿಂದ ಕುಗ್ಗುವುದಿಲ್ಲ. ಅಂಗಡಿಯ ಚೀಲದಲ್ಲಿ ಬರುವ ಕಾಂಬೋಡಿಯದ ಗರ್ರಾ ಮತ್ತು ತುಂಗೆಯ ಗರ್ರಾ ಒಂದೇ ಕುಲದ ದಾಯಾದಿಗಳೆಂಬುದಂತೂ ನಿಜ.

ಕೊನೆಯದಾಗಿ, ನಮ್ಮಲ್ಲಿ ಬಹು ಹೆಚ್ಚಾಗಿ ಮಾರಾಟವಾಗುವ 'ಸಕ್ಕರ್ ಫಿಶ್' ಬಗ್ಗೆ ಹೇಳಲೇಬೇಕು. ಇದು ದಕ್ಷಿಣ ಅಮೆರಿಕದ್ದು. ಇದರ ಬಂಧುವೊಂದನ್ನು ಲಿನೇಯಸ್ 1758ರಷ್ಟು ಹಿಂದೆಯೇ ಹೆಸರಿಸಿದ್ದ; ಮೈಮೇಲಿನ ಗಟ್ಟಿ ಕವಚವನ್ನು ಕಂಡು ಸ್ಟರ್ಜನ್ ಮೀನುಗಳ ಗುಂಪಿಗೆ ಸೇರಿಸಿಬಿಟ್ಟಿದ್ದ. ಅಂಗಡಿಯಲ್ಲಿ ಬೆರಳುದ್ದವಿರುವ ಇದು ಒಂದೂವರೆ ಅಡಿಯವರೆಗೆ ಬೆಳೆಯಬಲ್ಲದು. ಎರಡಡಿಯ ತೊಟ್ಟಿಯಲ್ಲಿ ಅದಕ್ಕೆ ಹೊರಳಲೂ ಜಾಗವಿರುವುದಿಲ್ಲ. ಆಗ ಮನೆಯವರು ಏನು ಮಾಡುತ್ತಾರೆ? ಕೊಲ್ಲಲು ಮನಸ್ಸು ಬಾರದೆ, ಪುಣ್ಯದ ಕೆಲಸವೆಂದು ತಿಳಿದು, ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ.

ಆ ಪುಣ್ಯದ ಫಲ ಹೇಗಿದೆ ನೋಡಿ. ಕೋಲ್ಕತ್ತದ ಪೂರ್ವದ ಜೌಗು ನೆಲಗಳಲ್ಲಿ, ಕೇರಳದ ಕಾಲುವೆಗಳಲ್ಲಿ, ಆಂಧ್ರದ ನೀರುಗಳಲ್ಲಿ ಈ ಮೀನು ಈಗ ಸಂಸಾರ ಹೂಡಿದೆ. ಗಡುಸು ಮುಳ್ಳುಗಳಿಂದ ಬಲೆಯನ್ನು ಹರಿಯುತ್ತದೆ, ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಮೆಕ್ಸಿಕೊ ದೇಶದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ಇದು ಹೆಚ್ಚಿ ಬೆಸ್ತರ ಬದುಕನ್ನೇ ಕೆಡಿಸಿತು. ಎಲ್ಲಕ್ಕಿಂತ ಗಾಬರಿಯ ಸಂಗತಿಯೆಂದರೆ, ಮೊಟ್ಟೆಯಿಡಲು ಇದು ದಡದ ಮಣ್ಣಿನಲ್ಲಿ ಮೊಳಗಟ್ಟಲೆ ಆಳದ ಬಿಲ ತೋಡುತ್ತದೆ. ಫ್ಲಾರಿಡಾದಲ್ಲಿ ಇದರಿಂದ ದಡಗಳು ಸವೆದಿವೆ. ನಮ್ಮ ಕೆರೆಗಳು ನಿಂತಿರುವುದು ಮಣ್ಣಿನ ಏರಿಯ ಮೇಲೆ. ಆ ಏರಿಯನ್ನು ಕಾಯುವುದಕ್ಕೆಂದೇ ನಮ್ಮ ಹಿರಿಯರು ಭೂಮಿಯನ್ನು ಬಿತ್ತುವಟ್ಟವಾಗಿ ಬಿಟ್ಟು ಕಲ್ಲಿನಲ್ಲಿ ಶಾಸನ ಕೆತ್ತಿಸಿದರು. ಕೆರೆಯನ್ನು ಕೆಡಿಸಿದವನಿಗೆ ಶಾಪವನ್ನೂ ಬರೆಸಿದರು. ನೂರಾರು ವರ್ಷಗಳಿಂದ ನಿಂತಿರುವ ಏರಿಗೆ ನಾವು ಚೀಲದಲ್ಲಿ ತಂದ ಮೀನಿನಿಂದ ಕೇಡಾಗಬಾರದು.

ಆದ್ದರಿಂದ ಸಾಕುವವರಿಗೆ ನನ್ನ ಸಲಹೆ ಹೀಗಿದೆ. ನೂರು ಲೀಟರಿಗಿಂತ ದೊಡ್ಡ ತೊಟ್ಟಿಯಿದ್ದರೆ ನಿಜವಾದ ಸಯಾಮೀಸ್ ಮೀನನ್ನು ನಾಲ್ಕೈದರ ಗುಂಪಾಗಿ ಸಾಕಿ. ಅದು ಗೇಣಿನಷ್ಟು ಬೆಳೆಯಬಲ್ಲದು, ಹಾರುವ ಸ್ವಭಾವದ್ದು, ಮುಚ್ಚಳ ಅಗತ್ಯ. ತೊಟ್ಟಿ ಚಿಕ್ಕದಾಗಿದ್ದರೆ ಎರಡಂಗುಲವನ್ನು ಮೀರದ ಓಟೋಸಿಂಕ್ಲಸ್ ಎಂಬ ದಕ್ಷಿಣ ಅಮೆರಿಕದ ಮೀನು ತಕ್ಕದ್ದು. ಆದರೆ ಪಾಚಿಯಿಲ್ಲದ ಹೊಸ ತೊಟ್ಟಿಗೆ ಅದನ್ನು ಬಿಟ್ಟರೆ ಹಸಿವಿನಿಂದ ಸಾಯುತ್ತದೆ. ತೊಟ್ಟಿ ಕೆಲವು ತಿಂಗಳು ಹಳತಾಗಲಿ. ಸೀಗಡಿಯನ್ನೂ ಇಡಬಹುದು. ಜಪಾನಿನ ತಕಾಶಿ ಅಮಾನೊ ಅವರು 1980ರ ದಶಕದಲ್ಲಿ ತಮ್ಮ ಸಸ್ಯತೊಟ್ಟಿಗಳಲ್ಲಿ ಪಾಚಿಗಾಗಿ ಬಳಸಿದ ಸಣ್ಣ ಸೀಗಡಿಗೆ ಇಂದು ಅವರ ಹೆಸರೇ ನಿಂತಿದೆ. ಯಾವುದನ್ನೇ ಸಾಕಿದರೂ ಪಾಚಿ ಮುಗಿದ ಮೇಲೆ ಅದಕ್ಕೂ ಊಟ ಬೇಕೆಂಬುದನ್ನು ಮರೆಯಬೇಡಿ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಸೌತೆಕಾಯಿ ಹೋಳು, ಪಾಲಕ್ ಸೊಪ್ಪು ಸಾಕು. ದೀಪವನ್ನು ದಿನಕ್ಕೆ ಏಳೆಂಟು ಗಂಟೆಗಿಂತ ಹೆಚ್ಚು ಉರಿಸಬೇಡಿ, ತೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಇಷ್ಟು ಮಾಡಿದರೆ ಪಾಚಿ ತಾನಾಗಿಯೇ ಅರ್ಧ ಇಳಿಯುತ್ತದೆ.

ಈಗಾಗಲೇ ಮನೆಯಲ್ಲಿ ದೊಡ್ಡ ಸಕ್ಕರ್ ಮೀನು ಬೆಳೆದು ಕುಳಿತಿದ್ದರೆ, ತಂದ ಅಂಗಡಿಗೇ ಹಿಂದಿರುಗಿಸಿ, ಇಲ್ಲವೆ ದೊಡ್ಡ ತೊಟ್ಟಿಯುಳ್ಳವರನ್ನು ಹುಡುಕಿ ಕೊಡಿ. ಕೆರೆಗೆ, ಹೊಳೆಗೆ, ದೇವಸ್ಥಾನದ ಕಲ್ಯಾಣಿಗೆ ಮಾತ್ರ ಬಿಡಬೇಡಿ. ನಿಮ್ಮ ಮಕ್ಕಳಿಗೂ ಇದನ್ನು ತಿಳಿಸಿ ಹೇಳಿ.